ಸ್ಕ್ರೂ ಹಾಕಿದ ಮುಚ್ಚಳ: ಮಂಡಿ ಮೊಹಲ್ಲಾದ ಶವಪೆಟ್ಟಿಗೆ ಅಂಗಡಿ

ಮೈಸೂರಿನ ಕ್ರೈಸ್ತರ ಮನೆಯಲ್ಲಿ ಸಾವಾದಾಗ ಪೆಟ್ಟಿಗೆಗೆ, ವ್ಯಾನಿಗೆ ಯಾರನ್ನು ಕೇಳಬೇಕು ಎಂದು ಪರಿಚಯದವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಎಲ್ಲರಿಗೂ ನಾನು ಹೇಳುವುದು ಮಂಡಿ ಮೊಹಲ್ಲಾದ ಒಳರಸ್ತೆಯ ಒಂದು ಅಂಗಡಿಯನ್ನು. ಅದಕ್ಕೆ ಹೆಸರಿಲ್ಲ. ‘ಇಲ್ಲಿ ಪೆಟ್ಟಿಗೆ ಸಿಗುತ್ತದೆ’ ಎಂಬ ತಗಡಿನ ಫಲಕವಿದೆ. ಅದರ ಕೆಳಗೆ ‘ಭಾನುವಾರ ರಜೆ’ ಎಂದು ಬರೆದಿದೆ, ಅದಕ್ಕೂ ಕೆಳಗೆ ಬಳಪದಲ್ಲಿ ಒಂದು ಮೊಬೈಲ್ ನಂಬರು. ಯಜಮಾನರು ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ. ಎದುರಿಗೆ ಅವರನ್ನು ಅಣ್ಣ ಎನ್ನುತ್ತೇನೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲು ಸರಕಿನ ವಿಷಯ. ಮಾವಿನ ಹಲಗೆಯ ಪೆಟ್ಟಿಗೆಗೆ 6,500 ರೂಪಾಯಿ. ಕೊಡಗಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಮರದ್ದಕ್ಕೆ 9,000. ತೇಗ ಬೇಕಾದರೆ ಒಂದು ದಿನ ಮೊದಲೇ ಹೇಳಬೇಕು, ದರ ಆ ಹೊತ್ತಿನ ಮರದ ಬೆಲೆಯ ಮೇಲೆ. ತೇಗ ಕೇಳಿದವರಿಗೆ ಅಣ್ಣ ಒಂದು ಮಾತು ಹೇಳಿ ನೋಡುತ್ತಾರೆ: “ಮಣ್ಣಿಗೆ ಹೋಗುವ ಮರಕ್ಕೆ ಇಷ್ಟು ದುಡ್ಡು ಯಾಕೆ? ಮನೆಯಲ್ಲಿ ಉಳಿದವರ ಖರ್ಚಿಗೆ ಇಟ್ಟುಕೊಳ್ಳಿ.” ವ್ಯಾಪಾರ ಕೈತಪ್ಪುವ ಮಾತು ಅದು. ನನ್ನೆದುರಿಗೇ ಒಬ್ಬರಿಗೆ ಹೇಳಿದರು, ಅವರು ಮಾವಿನ ಪೆಟ್ಟಿಗೆಯನ್ನೇ ಒಯ್ದರು. ಶವ ಇಡುವ ಫ್ರೀಜರ್ ಬಾಕ್ಸಿಗೆ ದಿನಕ್ಕೆ 2,000, ಊರೊಳಗೆ ವ್ಯಾನಿಗೆ 1,500.

ಒಳಗೆ ಹತ್ತಿ ಹರಡಿ ಮೇಲೆ ಬಿಳಿ ಸ್ಯಾಟಿನ್ ಬಟ್ಟೆ ಹಾಸುತ್ತಾರೆ. ಬೇರೆ ಕಡೆ ಈ ಬಟ್ಟೆಗೆ ಸ್ಟೇಪ್ಲರ್ ಪಿನ್ ಹೊಡೆಯುವುದನ್ನು ನೋಡಿದ್ದೇನೆ. ಇಲ್ಲಿ ಅಣ್ಣನ ಹೆಂಡತಿ ಸುತ್ತಲೂ ಮಡಿಕೆ ಹಿಡಿದು ಕೈಹೊಲಿಗೆ ಹಾಕುತ್ತಾರೆ. ನಾನು ಹೋದಾಗ ಆಕೆ ದಿಂಬಿನ ಅಂಚು ಹೊಲಿಯುತ್ತಿದ್ದರು. ಮೂರಡಿಯೂ ಇಲ್ಲದ ಪೆಟ್ಟಿಗೆಯ ದಿಂಬು ಅದು. ಮಕ್ಕಳ ಪೆಟ್ಟಿಗೆಗೆ ಅವರು ಮರದ ದುಡ್ಡನ್ನಷ್ಟೇ ತೆಗೆದುಕೊಳ್ಳುತ್ತಾರೆ. ಫಲಕದಲ್ಲಿ ಇದನ್ನು ಬರೆದಿಲ್ಲ.

ಮುಚ್ಚಳಕ್ಕೆ ಮೊಳೆ ಹೊಡೆಯುವುದಿಲ್ಲ. ಹಿತ್ತಾಳೆ ತಲೆಯ ಆರು ಸ್ಕ್ರೂಗಳನ್ನು ಕೈಯಿಂದ ತಿರುಗಿಸಿ ಕೂರಿಸುತ್ತಾರೆ. ಹಿಂದೊಮ್ಮೆ ಅವರು ಮಾಡಿಕೊಟ್ಟ ಪೆಟ್ಟಿಗೆಯೊಂದನ್ನು ಮುಚ್ಚಿ ಮೊಳೆ ಬಡಿದಾದ ಮೇಲೆ ಮಗ ದುಬೈಯಿಂದ ಬಂದನಂತೆ. ಸಮಾಧಿಭೂಮಿಯಲ್ಲಿ ಹಾರೆ ಹಾಕಿ ಮುಚ್ಚಳ ಎಬ್ಬಿಸಬೇಕಾಯಿತು, ಆ ಸದ್ದು ತಾಳಲಾರದೆ ತಾಯಿ ಅಲ್ಲೇ ಕುಸಿದರು. “ಅವತ್ತಿನಿಂದ ಸ್ಕ್ರೂ, ಟೀಚರಮ್ಮ. ತಡವಾಗಿ ಬಂದವರಿಗೂ ಮುಖ ನೋಡುವ ಹಕ್ಕಿದೆ” ಎಂದರು. ಸ್ಕ್ರೂಗೆ ಮೊಳೆಗಿಂತ ಖರ್ಚು ಹೆಚ್ಚು, ಕೆಲಸವೂ ಹೆಚ್ಚು. ಬೆಲೆಯಲ್ಲಿ ಅದನ್ನು ಸೇರಿಸಿಲ್ಲ.

ನಾನು ಅಲ್ಲಿಗೆ ಹೋದದ್ದು ನನ್ನ ಸೋದರಮಾವ ತೀರಿಕೊಂಡಾಗ. ಮಂಡ್ಯದ ಮೈಷುಗರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ನಿವೃತ್ತರಾದ ಮೇಲೆ ಮೈಸೂರಿಗೆ ಬಂದು ನಮ್ಮ ಓಣಿಯಲ್ಲೇ ಮನೆ ಮಾಡಿದ್ದರು. ಅತ್ತೆ ಹಿಂದೂ. ಇಬ್ಬರ ಮದುವೆ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಂದಣಿ ಕಚೇರಿಯಲ್ಲಿ ಆದದ್ದು. ಅತ್ತೆಯನ್ನು ಜ್ಞಾನಸ್ನಾನಕ್ಕೆ ಒತ್ತಾಯಿಸಲು ಮಾವ ಒಪ್ಪಲಿಲ್ಲ, ಚರ್ಚಿಗೆ ಹೋಗುವುದೂ ನಿಂತುಹೋಯಿತು. ಆದರೆ ಮಲಗುವ ಮುಂಚೆ ಜಪಸರ ಹಿಡಿಯುವುದನ್ನು ಬಿಟ್ಟವರಲ್ಲ. ಪಕ್ಕದಲ್ಲಿ ಅತ್ತೆ ಚಾಮುಂಡೇಶ್ವರಿಯ ಪಟಕ್ಕೆ ಹೂ ಇಡುತ್ತಿದ್ದರು.

ಶನಿವಾರ ರಾತ್ರಿ ದೊಡ್ಡಾಸ್ಪತ್ರೆಯಲ್ಲಿ ಅವರ ಜೀವ ಹೋಯಿತು. ಭಾನುವಾರ ಬೆಳಿಗ್ಗೆ ನಮ್ಮ ಚರ್ಚಿನ ಆಡಳಿತ ನೋಡುವ ಪಾಲನಾ ಸಮಿತಿಯ ಹಿರಿಯರೊಬ್ಬರು ದಾಖಲೆ ಪುಸ್ತಕ ಹಿಡಿದು ಮನೆಗೆ ಬಂದರು. ಅತ್ತೆಗೆಂದು ತಂದಿಟ್ಟಿದ್ದ ನೀರಿನ ಲೋಟವನ್ನು ಟೀಪಾಯಿಯ ಮೇಲಿಂದ ಎತ್ತಿ ನೆಲದಲ್ಲಿಟ್ಟು, ಆ ಜಾಗದಲ್ಲಿ ಪುಸ್ತಕ ಬಿಡಿಸಿದರು. ತಿಂಗಳ ಚಂದಾ ವರ್ಷಗಟ್ಟಲೆ ಬಾಕಿ. ಮದುವೆ ಚರ್ಚಿನಲ್ಲಿ ಆಗಿಲ್ಲ. ಪಾಪನಿವೇದನೆ ಮಾಡಿದ ಗುರುತಿಲ್ಲ. ಆದ್ದರಿಂದ ಗುಂಡಿ ತೋಡಲು ಚೀಟಿ ಕೊಡಲು ಬರುವುದಿಲ್ಲ. “ನಿಯಮ ಎಂದರೆ ನಿಯಮ, ಟೀಚರ್. ನಾಳೆ ಎಲ್ಲರೂ ಹೀಗೇ ಕೇಳುತ್ತಾರೆ” ಎಂದರು. ಅತ್ತೆ ಎದುರಿಗೇ ಕುಳಿತಿದ್ದರು. ಅವರಿಗೆ ಒಂದು ಸಮಾಧಾನದ ಮಾತು ಹೇಳಲಿಲ್ಲ. ಒಳಕೋಣೆಗೆ ಹೋಗಿ ಮಾವನ ಮುಖ ನೋಡಲಿಲ್ಲ.

ಚರ್ಚಿನ ಗುರುಗಳು ಆ ಹೊತ್ತು ಹಳ್ಳಿಯ ಕಡೆಯ ಉಪಕೇಂದ್ರದಲ್ಲಿ ಭಾನುವಾರದ ಬಲಿಪೂಜೆ (ಮಾಸ್) ಅರ್ಪಿಸುತ್ತಿದ್ದರು, ಫೋನ್ ಸಿಗಲಿಲ್ಲ. ಏನು ಮಾಡುವುದೆಂದು ತೋಚದೆ ನಾನು ಆ ಬಳಪದ ನಂಬರಿಗೆ ಕರೆ ಮಾಡಿದೆ. ಅಣ್ಣ ತಮ್ಮ ಸಭೆಯ ಆರಾಧನೆ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದರು. ಅವರು ನಮ್ಮಂತೆ ಕಥೋಲಿಕರಲ್ಲ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟಂಟ್ ಸಭೆಯವರು. ಯಾವ ಚರ್ಚು, ಚೀಟಿ ಆಗಿದೆಯೇ, ದುಡ್ಡು ಯಾರು ಕೊಡುತ್ತಾರೆ ಎಂಬ ಯಾವ ಪ್ರಶ್ನೆಯೂ ಬರಲಿಲ್ಲ. ಅವರು ಕೇಳಿದ್ದು “ಮನೆಯಲ್ಲಿ ಹತ್ತಿರದವರು ಯಾರಿದ್ದಾರೆ? ಅವರು ಏನಾದರೂ ತಿಂದರೇ?” ಎಂದು. ಸ್ವಲ್ಪ ಹೊತ್ತಿಗೆಲ್ಲ ಫ್ರೀಜರ್ ಬಾಕ್ಸ್ ಬಂತು, ಜೊತೆಗೆ ಒಂದು ಬುತ್ತಿಯಲ್ಲಿ ಅನ್ನ ಸಾರು.

ನಮ್ಮ ಕಥೋಲಿಕ ಬೈಬಲಿನಲ್ಲಿ ತೋಬಿತ ಎಂಬವನ ಪುಸ್ತಕವಿದೆ. ಹಬ್ಬದ ದಿನ ಊಟಕ್ಕೆ ಕುಳಿತವನು, ತನ್ನ ಕುಲದವನೊಬ್ಬನ ಹೆಣ ಸಂತೆಬೀದಿಯಲ್ಲಿ ಬಿದ್ದಿದೆ ಎಂದು ಕೇಳಿ ಎಲೆ ಬಿಟ್ಟು ಎದ್ದು ಹೋಗುತ್ತಾನೆ. ಹೊತ್ತು ಮುಳುಗಿದ ಮೇಲೆ ಅದನ್ನು ಹೂಳುತ್ತಾನೆ. ನೆರೆಹೊರೆಯವರು ಅವನನ್ನು ಹಂಗಿಸುತ್ತಾರೆ. ಸತ್ತವರನ್ನು ಹೂಳುವುದು ದಯಾಕಾರ್ಯಗಳಲ್ಲಿ ಒಂದು ಎಂದು ಉಪದೇಶ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಈ ಕಥೆಯ ಜೊತೆಗೇ. ಅಣ್ಣನ ಸಭೆಯವರು ಓದುವ 66 ಪುಸ್ತಕಗಳ ಬೈಬಲಿನಲ್ಲಿ ತೋಬಿತ ಇಲ್ಲ. ಆ ಪುಸ್ತಕ ಇಲ್ಲದವರು ಅನ್ನ ಬಿಟ್ಟು ಎದ್ದು ಬಂದರು. ಅದನ್ನು ಕಲಿತ ನಮ್ಮವರು ಚಂದಾ ಲೆಕ್ಕ ತೆಗೆದರು. ಇದು ನನ್ನನ್ನು ಇಂದಿಗೂ ಸುಡುತ್ತದೆ.

ಅಣ್ಣ ಬಂದವರೇ ಚಪ್ಪಲಿ ಹೊರಗೆ ಬಿಟ್ಟು ಮಾವನ ಕಾಲಬಳಿ ಸ್ವಲ್ಪ ಹೊತ್ತು ಕೈಕಟ್ಟಿ ನಿಂತರು. ಆಮೇಲೆ ಅಳತೆ. ಟೇಪನ್ನು ಮೈಗೆ ತಾಗಿಸದೆ, ಪಕ್ಕದಲ್ಲಿ ಹಾಸಿಗೆಯ ಮೇಲೆಯೇ ಹಿಡಿದು ಉದ್ದ ನೋಡಿದರು. ಭುಜದ ಅಗಲಕ್ಕೆ ಮಾತ್ರ “ಕ್ಷಮಿಸಿ ಸ್ವಾಮಿ” ಎಂದು ಮೆಲ್ಲಗೆ ಹೇಳಿ ಅಂಗೈ ಅಗಲಿಸಿದರು. ಸತ್ತವರ ಹತ್ತಿರ ಹೀಗೆ ಮಾತಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಬಂತು. ಮುಚ್ಚುವ ಮುಂಚೆ ಅತ್ತೆ ಸೆರಗಿನಿಂದ ಒಂದು ಎಸಳು ತುಳಸಿ ತೆಗೆದು, ಮಾವನ ಎದೆಯ ಮೇಲಿದ್ದ ಜಪಸರದ ಪಕ್ಕದಲ್ಲಿಡಲು ಹೋದರು. ನಮ್ಮ ನೆಂಟರ ಪೈಕಿ ಒಬ್ಬರು ಕೈ ಅಡ್ಡ ಹಿಡಿದು “ಅದೆಲ್ಲ ಬೇಡ, ನಮ್ಮಲ್ಲಿ ನಡೆಯುವುದಿಲ್ಲ” ಎಂದುಬಿಟ್ಟರು. ಅತ್ತೆಯ ಕೈ ಅಲ್ಲೇ ನಿಂತಿತು. ಅಣ್ಣ ಮುಚ್ಚಳವನ್ನು ಗೋಡೆಗೆ ಒರಗಿಸಿ ಹೇಳಿದರು: “ಇಡಿ ತಾಯಿ. ಇಷ್ಟು ವರ್ಷ ಅವರಿಗೆ ಅನ್ನ ಇಟ್ಟ ಕೈ ಅದು.” ಯಾರೂ ತುಟಿ ಎರಡು ಮಾಡಲಿಲ್ಲ. ಅವರು ತುಳಸಿ ಇಟ್ಟರು. ಅಣ್ಣ ಸ್ಕ್ರೂ ತಿರುಗಿಸತೊಡಗಿದವರು ಕೊನೆಯದನ್ನು ಹಾಕುವ ಮುಂಚೆ ಅತ್ತೆಯ ಮುಖ ನೋಡಿ ಕಾದರು. ಆಕೆ ತಲೆಯಾಡಿಸಿದ ಮೇಲೆಯೇ ಅದನ್ನೂ ಕೂರಿಸಿದರು.

ಚೀಟಿ ಏನಾಯಿತು ಎಂದರೆ, ಭಾನುವಾರ ಸಂಜೆ ಊರಿಗೆ ಮರಳಿದ ಗುರುಗಳು ನೇರ ನಮ್ಮ ಮನೆಗೇ ಬಂದರು, ಅತ್ತೆಯ ಪಕ್ಕದಲ್ಲಿ ಕುಳಿತರು, ಚೀಟಿಯನ್ನು ತಾವೇ ಬರೆದುಕೊಟ್ಟರು. ಸೋಮವಾರ ಸಮಾಧಿಯ ಪ್ರಾರ್ಥನೆಯನ್ನೂ ಅವರೇ ನಡೆಸಿದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ದೂರು ಇರುವುದು ‘ನಿಯಮ ಎಂದರೆ ನಿಯಮ’ ಎಂಬ ಮಾತಿನ ಮೇಲೆ. ಆಮೇಲೆ ನಾನು ನಿಯಮವನ್ನೇ ತೆಗೆದು ಓದಿದೆ. ಕಥೋಲಿಕ ಧರ್ಮಸಭೆಯ ಈಗಿನ ಕಾನೂನು ಸಂಹಿತೆ ಬಂದದ್ದು 1983ರಲ್ಲಿ. ಸಮಾಧಿ ಸಂಸ್ಕಾರದ ಕಾಣಿಕೆಯ ಬಗ್ಗೆ 1181ನೇ ಕಾನೂನು ಹೇಳುವುದು ಇಷ್ಟು: ಮುಖ ನೋಡಿ ಮಣೆ ಹಾಕಬಾರದು, ಬಡವರು ತಕ್ಕ ಸಂಸ್ಕಾರದಿಂದ ವಂಚಿತರಾಗಬಾರದು. ಯಾರಿಗೆ ಸಂಸ್ಕಾರ ಇಲ್ಲ ಎಂಬುದನ್ನು 1184 ಹೇಳುತ್ತದೆ. ಬಹಿರಂಗವಾಗಿ ವಿಶ್ವಾಸವನ್ನೇ ತೊರೆದವರು, ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧವಾದ ಕಾರಣಕ್ಕೆ ದಹನವನ್ನು ಆರಿಸಿಕೊಂಡವರು, ಸಂಸ್ಕಾರ ಕೊಟ್ಟರೆ ವಿಶ್ವಾಸಿಗಳಿಗೆ ಬಹಿರಂಗ ಆಘಾತವಾಗುವಂಥ ಎದ್ದು ಕಾಣುವ ಪಾಪಿಗಳು ಆ ಸಾಲಿನಲ್ಲಿದ್ದಾರೆ. ಅವರು ಕೂಡ ಸಾಯುವ ಮುಂಚೆ ಪಶ್ಚಾತ್ತಾಪದ ಏನಾದರೂ ಗುರುತು ತೋರಿದ್ದರೆ ಸಂಸ್ಕಾರ ಕೊಡಬಹುದು. ಅನುಮಾನವಿದ್ದರೆ ಬಿಷಪರನ್ನು ಕೇಳಿ ಅವರ ತೀರ್ಮಾನದಂತೆ ನಡೆಯಬೇಕು. ಬಾಕಿ ಚಂದಾ ಅಲ್ಲೆಲ್ಲೂ ಇಲ್ಲ. ಆತ್ಮಹತ್ಯೆ ಮಾಡಿಕೊಂಡವರನ್ನು ಹೊರಗಿಡುತ್ತಿದ್ದ 1917ರ ಸಂಹಿತೆಯ ಮಾತನ್ನು ಕೂಡ ಈ ಸಂಹಿತೆ ಕೈಬಿಟ್ಟಿದೆ. ಹಾಗಾದರೆ ಆ ಹಿರಿಯರು ಕಾಯುತ್ತಿದ್ದದ್ದು ಯಾವ ನಿಯಮವನ್ನು? ಧರ್ಮಸಭೆಯ ಕಾನೂನು ಬಡವನ ಕಡೆಗೆ ನಿಂತಿರುವಾಗ ಅವರು ಪುಸ್ತಕದ ಬಾಕಿ ಕಾಲಂ ಹಿಡಿದು ನಿಂತಿದ್ದರು. ಎಷ್ಟೋ ಸಲ ನಾವು ಕಟ್ಟುನಿಟ್ಟು ಎಂದು ಹೆದರಿ ತಲೆಬಾಗುವುದು ಇಂಥ, ಯಾರೋ ಅನುಕೂಲಕ್ಕೆ ಮಾಡಿಕೊಂಡ ಪದ್ಧತಿಗೆ.

ಆ ಹಿರಿಯರ ಕೊರಳಲ್ಲಿ ಸಂತ ಫಿಲೋಮಿನಮ್ಮನ ಪದಕವಿತ್ತು. ಅವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. 1961ರಲ್ಲಿ ರೋಮ್ ಆಕೆಯ ಹೆಸರನ್ನು ಪೂಜಾ ಪಂಚಾಂಗದಿಂದ ತೆಗೆಸಿತು. ಆದರೂ ಅಶೋಕ ರಸ್ತೆಯ ಚರ್ಚಿನ ನೆಲಮಾಳಿಗೆಯಲ್ಲಿರುವ ಆಕೆಯ ಪ್ರತಿಮೆಯ ಮುಂದೆ ಜನ ಇಂದಿಗೂ ಮೊಣಕಾಲೂರುತ್ತಾರೆ, ಅವರನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಕಳಿಸಲೂಬಾರದು. ಆ ಚರ್ಚಿಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ಚಾಮುಂಡೇಶ್ವರಿಯ ಒಕ್ಕಲು. ಹಿಂದೂ ಅರಸರು ಇಟ್ಟ ಕಲ್ಲನ್ನು ಹೆಮ್ಮೆಯಿಂದ ತೋರಿಸುವ ಊರಿನಲ್ಲಿ ಹಿಂದೂ ಹೆಂಗಸೊಬ್ಬಳು ಗಂಡನ ಎದೆಯ ಮೇಲೆ ತುಳಸಿ ಇಡಲು ಅಪ್ಪಣೆ ಬೇಡಬೇಕೇ?

ಅಂಗಡಿಯಲ್ಲಿ ಕುಳಿತಾಗ ಈ ಮಾತನ್ನೆಲ್ಲ ಅಣ್ಣನ ಹತ್ತಿರ ತೋಡಿಕೊಂಡೆ. ಅವರು ಯಾರನ್ನೂ ಬೈಯಲಿಲ್ಲ. ಹಲಗೆಗೆ ಉಜ್ಜುಗೊರಡು ಹಾಕುತ್ತಲೇ ಅರಿಮತಾಯದ ಜೋಸೆಫನ ವಿಷಯ ತೆಗೆದರು. ಅವನೂ ಸಭಾ ಸದಸ್ಯನೇ, ಯೆಹೂದ್ಯರ ನ್ಯಾಯಸಭೆಯವನು. ಹೆಣ ಮುಟ್ಟಿದವನಿಗೆ ಏಳು ದಿನ ಮೈಲಿಗೆ ಎಂದು ಸಂಖ್ಯಾಕಾಂಡದ 19ನೇ ಅಧ್ಯಾಯ ಹೇಳುತ್ತದೆ. ಆಗ ಯೆಹೂದ್ಯರ ಪಾಸ್ಕ ಹಬ್ಬದ ಸಮಯ, ಮರುದಿನ ಕೆಲಸ ಮಾಡಬಾರದ ಸಬ್ಬತ್ತು. ಅಂಥ ಹೊತ್ತಿನಲ್ಲಿ ಅಪರಾಧಿ ಎಂದು ಶಿಲುಬೆಗೆ ಹಾಕಿದ ಯೇಸುವಿನ ದೇಹವನ್ನು ರೋಮನ್ ಅಧಿಕಾರಿ ಪಿಲಾತನ ಹತ್ತಿರ ಕೇಳಿ ಪಡೆದು, ತನಗೆಂದು ಕೊರೆಸಿಕೊಂಡಿದ್ದ ಹೊಸ ಸಮಾಧಿಯಲ್ಲಿಟ್ಟ. ರಕ್ತಬೋಳ, ಅಗರು ಹೊತ್ತು ತಂದ ನಿಕೊದೇಮ ಇನ್ನೊಬ್ಬ ಮುಖಂಡ. “ಅವರಿಬ್ಬರೂ ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದರೆ?” ಎಂದು ಕೇಳಿ ಅಣ್ಣ ಹಲಗೆಯ ಮೇಲಿನ ಹೊಟ್ಟು ಊದಿದರು. ಫಲಕದ ಕೆಳಗೆ ಬಳಪದ ನಂಬರು ಏಕಿದೆ ಎಂದು ನಾನು ಪ್ರತ್ಯೇಕವಾಗಿ ಕೇಳಬೇಕಾಗಲಿಲ್ಲ.

ಕೊರತೆಗಳೂ ಇವೆ, ಅವನ್ನು ಹೇಳಲೇಬೇಕು. ದರಪಟ್ಟಿ ಇಲ್ಲ, ನೀವಾಗಿ ಕೇಳಬೇಕು. ರಸೀದಿ ಎಂದರೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟ ಲೆಕ್ಕ. ಕಚೇರಿಗೆ ಬಿಲ್ಲು ಸಲ್ಲಿಸಬೇಕಾದವರಿಗೆ ತೊಂದರೆ. ಅವಸರದಲ್ಲಿ ಬಳಿದ ವಾರ್ನಿಷ್ ಪೂರ್ತಿ ಒಣಗದೆ ನಮ್ಮ ಮನೆಯಲ್ಲಿ ದಿನವಿಡೀ ವಾಸನೆ ಇತ್ತು. ವ್ಯಾನು ಹೇಳಿದ್ದಕ್ಕಿಂತ ಅರ್ಧ ಗಂಟೆ ತಡವಾಗಿ ಬಂತು. ಶಿಲುಬೆಯ ಮೇಲೆ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯುವ ರೂಢಿ, ಕನ್ನಡದಲ್ಲಿ ಬೇಕೆಂದು ನಾನು ಒತ್ತಿ ಹೇಳಬೇಕಾಯಿತು. ಬರೆದದ್ದು ಮಾತ್ರ ಮುದ್ದಾದ ಅಕ್ಷರ. ಓಣಿ ಇಕ್ಕಟ್ಟು, ಕಾರನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋಗುವುದು ಒಳ್ಳೆಯದು.

ಹಣಕ್ಕೆ ಅವಸರ ಮಾಡುವುದಿಲ್ಲ. ನಮ್ಮ ಲೆಕ್ಕ ತೀರಿದ್ದು ಒಂಬತ್ತನೆಯ ದಿನದ ಪ್ರಾರ್ಥನೆ ಕಳೆದ ಮೇಲೆ. ಅಲ್ಲಿಯವರೆಗೆ ಒಂದು ಫೋನೂ ಬರಲಿಲ್ಲ.

ಇನ್ನೊಂದು ಉಪಕಾರ ಇವರಿಂದ ಆಗುತ್ತದೆ. ಆಸ್ಪತ್ರೆಯ ಮರಣ ಪತ್ರವನ್ನು ತಾವೇ ಕೇಳಿ ನೋಡಿ, 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಿ, ಐದಾರು ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ನೆನಪಿಸುತ್ತಾರೆ. ಅತ್ತೆಗೆ ಓದು ಕಡಿಮೆ ಎಂದು ತಿಳಿದು ತಮ್ಮ ಮಗನನ್ನು ಜೊತೆಗೆ ಕಳಿಸಿದರು. ಭವಿಷ್ಯನಿಧಿ ಕಚೇರಿಯಲ್ಲಿ ಅತ್ತೆಯ ವಿಧವಾ ಪಿಂಚಣಿಗೆ ಮರಣ ಪತ್ರದ ಜೊತೆಗೆ ಮದುವೆಯ ದಾಖಲೆ ಕೇಳಿದರು. ಪಾಲನಾ ಸಮಿತಿಯ ಹಿರಿಯರು ಬದಿಗೆ ಸರಿಸಿದ್ದ ಅದೇ ನೋಂದಣಿ ಕಚೇರಿಯ ಪತ್ರವನ್ನು ಕೊಟ್ಟೆವು. ಪಿಂಚಣಿ ಈಗ ಬರುತ್ತಿದೆ. ನೀವು ಆ ಅಂಗಡಿಗೆ ಹೋಗಬೇಕಾಗಿ ಬಂದರೆ ಸತ್ತವರ ಆಧಾರ್ ಕಾರ್ಡಿನ ಪ್ರತಿ, ಆಸ್ಪತ್ರೆಯ ಪತ್ರ ಎರಡನ್ನೂ ಕೈಯಲ್ಲಿ ಹಿಡಿದು ಹೋಗಿ. ಪೆಟ್ಟಿಗೆ ಮರುದಿನ ಬೆಳಿಗ್ಗೆಗೇ ಬೇಕಿದ್ದರೆ ಸಂಜೆ ಆರರೊಳಗೆ ಅಳತೆ ತಿಳಿಸಿಬಿಡಿ.