ವೀಲ್‌ಚೇರ್‌ನಲ್ಲಿ ಸಿಂಗಪುರ: ಮೆಟ್ರೋಗಿಂತ ಬಸ್ಸೇ ವಾಸಿ

ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಆಸುಪಾಸಿನ ನೇರ ಹಾರಾಟ, ನಡುವೆ ವಿಮಾನ ಬದಲಿಸುವ ರಗಳೆ ಇಲ್ಲ. ವೀಲ್‌ಚೇರ್ ಬಳಸುವವರ ಮೊದಲ ವಿದೇಶ ಪ್ರವಾಸಕ್ಕೆ ಸಿಂಗಪುರವನ್ನು ಹೇಳುವುದು ಸುಮ್ಮನೆ ಅಲ್ಲ. ಆದರೆ ಹೊಗಳುವವರೆಲ್ಲ ಅಲ್ಲಿನ ಮೆಟ್ರೋವನ್ನೇ, ಅಂದರೆ ಎಂಆರ್‌ಟಿಯನ್ನೇ ಹೊಗಳುತ್ತಾರೆ. ಐದರಲ್ಲಿ ಐದು ಅಂಕ ಕೊಡಬೇಕಾದದ್ದು ಬಸ್ಸಿಗೆ. ಎಂಆರ್‌ಟಿಗೆ ನಾಲ್ಕು ಸಾಕು.

2020ರ ಕೊನೆಯಿಂದ ಅಲ್ಲಿನ ಸಾರ್ವಜನಿಕ ಬಸ್ಸುಗಳೆಲ್ಲ ವೀಲ್‌ಚೇರ್ ಹತ್ತುವಂಥವೇ. ಸ್ಟಾಪಿನಲ್ಲಿ ಕೈ ತೋರಿಸಲೇಬೇಕು, ಇಲ್ಲದಿದ್ದರೆ ಬಸ್ಸು ಮುಂದಕ್ಕೆ ಹೋಗಬಹುದು. ಚೇರ್ ಹತ್ತಿಸುವುದು ಇಳಿಯುವ ಬಾಗಿಲಿನಿಂದ. ಇಳಿಯುವವರು ಇಳಿದ ಮೇಲೆ ಡ್ರೈವರೇ ಬಂದು, ಬಾಗಿಲ ಬಳಿ ನೆಲದಲ್ಲಿ ಮಡಚಿಟ್ಟ ಹಲಗೆಯನ್ನು ಎತ್ತಿ ಫುಟ್‌ಪಾತಿನ ಮೇಲೆ ಹಾಸುತ್ತಾರೆ. ಕೈಯಿಂದಲೇ ಹಾಸುವ ಹಲಗೆಯಾದ್ದರಿಂದ ಕೆಟ್ಟು ಕೂರುವ ಭಯ ಕಡಿಮೆ. ಆಗಲೇ ಇಳಿಯುವ ಸ್ಟಾಪಿನ ಹೆಸರು ಹೇಳಿಬಿಡಿ. ಒಳಗೆ ವೀಲ್‌ಚೇರ್ ಜಾಗದಲ್ಲಿರುವ ಬೆನ್ನೊರಗಿಗೆ ಚೇರಿನ ಬೆನ್ನು ತಾಗುವ ಹಾಗೆ, ಬಸ್ಸಿನ ಹಿಂಬದಿಗೆ ಮುಖ ಮಾಡಿ ನಿಲ್ಲಿಸಿ ಬ್ರೇಕ್ ಹಾಕಬೇಕು. ಮುಂದಕ್ಕೆ ಮುಖ ಮಾಡಿ ಕೂತರೆ ಹೊರಗಿನ ನೋಟ ಚೆನ್ನ, ನಿಜ. ಆದರೆ ಡ್ರೈವರ್ ಬ್ರೇಕ್ ಒತ್ತಿದಾಗ ಚೇರನ್ನು ತಡೆಯುವುದಕ್ಕೆ ಏನೂ ಇರುವುದಿಲ್ಲ. ಬ್ಯಾಟರಿ ಚೇರಾದರೆ ಸ್ವಿಚ್ಚೂ ಆಫ್ ಆಗಿರಲಿ.

ಅಳತೆಯ ಮಿತಿ: ಉದ್ದ 120, ಅಗಲ 70, ಎತ್ತರ 150 ಸೆಂ.ಮೀ., ಕೂತವರೂ ಸೇರಿ ತೂಕ 300 ಕೆ.ಜಿ. ನಮ್ಮಲ್ಲಿ ಸಿಗುವ 18 ಇಂಚು ಸೀಟಿನ ಮಡಚುವ ಚೇರ್ ಸಾಮಾನ್ಯವಾಗಿ ಇದರೊಳಗೇ ಬರುತ್ತದೆ. ಕಾಲು ಚಾಚಿಡುವ ಫುಟ್‌ರೆಸ್ಟ್ ಇದ್ದರೆ ಮಾತ್ರ ಉದ್ದ ಅಳೆದುಕೊಳ್ಳಿ. ಬಸ್ಸಿನ ಕೊರತೆ ಒಂದೇ: ಚೇರಿಗೆ ಜಾಗವಿರುವುದು ಒಂದೋ ಎರಡೋ. ಅದು ತುಂಬಿದ್ದರೆ ಮುಂದಿನ ಬಸ್ಸಿಗೆ ಕಾಯಬೇಕು. ಆಫೀಸ್ ಹೊತ್ತಿನಲ್ಲಿ ಹೊರಡದಿರುವುದೇ ಜಾಣತನ.

ಎಂಆರ್‌ಟಿ ಕೆಟ್ಟದ್ದೇನಲ್ಲ. ಎಲ್ಲ ಸ್ಟೇಷನ್ನಿಗೂ ಲಿಫ್ಟ್ ಇದೆ, ಅಗಲವಾದ ಗೇಟ್ ಇದೆ. ತೊಡಕು ಇರುವುದು ನೆಲದ ಮೇಲೆ. ಒಂದು ಸ್ಟೇಷನ್ನಿಗೆ ನಾಲ್ಕಾರು ದಾರಿಗಳಿದ್ದರೆ ಲಿಫ್ಟ್ ಇರುವುದು ಕೆಲವಕ್ಕೇ. ಆ ಲಿಫ್ಟ್ ನಿಮಗೆ ಬೇಕಾದ ರಸ್ತೆಯ ಆಚೆ ಬದಿಗೆ ತೆರೆದುಕೊಂಡರೆ ಸಿಗ್ನಲ್ ಹುಡುಕಿಕೊಂಡು ಸುತ್ತಬೇಕು. ಸ್ಟೇಷನ್ ಹೆಸರಿನ ಜೊತೆಗೆ ಲಿಫ್ಟ್ ಇರುವ ದಾರಿಯ ಅಕ್ಷರವನ್ನೋ ಸಂಖ್ಯೆಯನ್ನೋ ಮೊದಲೇ ಬರೆದಿಟ್ಟುಕೊಳ್ಳಿ. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಇರುವ ಸಂದಿ ಚಿಕ್ಕದೇ, ಆದರೆ ಮುಂದಿನ ಪುಟ್ಟ ಚಕ್ರ ಅಡ್ಡ ತಿರುಗಿದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ತಳ್ಳುವವರು ಇದ್ದರೆ ಹಿಮ್ಮುಖವಾಗಿ, ದೊಡ್ಡ ಚಕ್ರ ಮೊದಲು ದಾಟುವಂತೆ ಒಳಕ್ಕೆ ಎಳೆದುಕೊಳ್ಳಲಿ.

ಚಾಂಗಿ ವಿಮಾನ ನಿಲ್ದಾಣದಿಂದ ಲಿಟಲ್ ಇಂಡಿಯಾಕ್ಕೆ ಎಂಆರ್‌ಟಿಯೇ ಸಲೀಸು: ಎಕ್ಸ್‌ಪೋ ಸ್ಟೇಷನ್ನಿನಲ್ಲಿ ಡೌನ್‌ಟೌನ್ ಲೈನಿಗೆ ಬದಲಾಯಿಸಿದರೆ ಆಯಿತು. ಟಿಕೆಟ್ಟಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು. ವಿದೇಶಿ ಕಾರ್ಡಾದ್ದರಿಂದ ಬಳಸಿದ ದಿನಕ್ಕೆ 60 ಸೆಂಟ್ಸ್ ಹೆಚ್ಚುವರಿ ಬೀಳುತ್ತದೆ.

ಲಿಟಲ್ ಇಂಡಿಯಾದಲ್ಲಿ ದೋಸೆ, ಇಡ್ಲಿಗೆ ಬರವಿಲ್ಲ, ಆದರೆ ಉಳಿದುಕೊಳ್ಳಲು ಯೋಚಿಸಬೇಕಾದ ಜಾಗ. ಹಳೆಯ ಅಂಗಡಿಮನೆಗಳ ಮುಂದಿನ ಜಗಲಿ ಒಂದೊಂದು ಬಾಗಿಲಿಗೂ ಒಂದೊಂದು ಎತ್ತರ. ಆ ಕಟ್ಟಡಗಳ ಅಗ್ಗದ ಹೋಟೆಲುಗಳಲ್ಲಿ ಎಷ್ಟೋ ಕಡೆ ಲಿಫ್ಟೇ ಇರುವುದಿಲ್ಲ. ಎಲ್ಲೇ ಬುಕ್ ಮಾಡಿದರೂ ‘ಆ್ಯಕ್ಸೆಸಿಬಲ್’ ಎಂಬ ಒಂದು ಮಾತು ನಂಬಿ ದುಡ್ಡು ಕಟ್ಟಬೇಡಿ. ಬಚ್ಚಲಿನ ಬಾಗಿಲು ಎಷ್ಟು ಸೆಂ.ಮೀ., ಶವರ್ ಕೆಳಗೆ ಕಟ್ಟೆ ಇದೆಯೇ, ಕಮೋಡಿನ ಪಕ್ಕ ಚೇರ್ ನಿಲ್ಲುವಷ್ಟು ಜಾಗ ಇದೆಯೇ, ಮಂಚದ ಎತ್ತರ ಎಷ್ಟು ಎಂದು ಕೇಳಿ, ಟೇಪ್ ಹಿಡಿದ ಫೋಟೋ ತರಿಸಿಕೊಳ್ಳಿ. ಕೈಹಿಡಿ ಹಾಕಿದ ಸ್ನಾನದ ತೊಟ್ಟಿಯನ್ನೇ ಆ್ಯಕ್ಸೆಸಿಬಲ್ ಎನ್ನುವವರೂ ಇದ್ದಾರೆ.

ಈ ಪ್ರವಾಸದ ದುರ್ಬಲ ಕೊಂಡಿ ವಿಮಾನ. ಟಿಕೆಟ್ಟಿನಲ್ಲಿ ಬರೀ ‘ವೀಲ್‌ಚೇರ್ ಬೇಕು’ ಎಂದಿದ್ದರೆ ಸಾಲದು, ಸರಿಯಾದ ಕೋಡ್ ಇರಬೇಕು. ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲು ಆಗದೆ ಸೀಟಿನವರೆಗೆ ನಡೆಯಬಲ್ಲವರಿಗೆ ಡಬ್ಲ್ಯುಸಿಎಚ್‌ಎಸ್, ನಡೆಯಲೇ ಆಗದವರಿಗೆ ಡಬ್ಲ್ಯುಸಿಎಚ್‌ಸಿ. ಕೊನೆಯ ಕೋಡ್ ಇಲ್ಲದಿದ್ದರೆ ಸೀಟಿನವರೆಗೆ ಒಯ್ಯುವ ಕಿರಿದಾದ ಚೇರ್ ಹೊತ್ತಿಗೆ ಸಿಗದೆ ಬಾಗಿಲಲ್ಲೇ ಕಾಯಬೇಕಾದೀತು. 48 ಗಂಟೆ ಮುಂಚೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಬ್ಯಾಟರಿಯ ಲೆಕ್ಕ ಇನ್ನೂ ಬಿಗಿ. ಬಿಚ್ಚಿ ಕ್ಯಾಬಿನ್ನಿಗೆ ಒಯ್ಯುವ ಲಿಥಿಯಂ ಬ್ಯಾಟರಿಗೆ ಮಿತಿ 300 ವ್ಯಾಟ್-ಅವರ್. ಎರಡಿದ್ದರೆ ತಲಾ 160. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ: 24 ವೋಲ್ಟ್, 10 ಆದರೆ 240, ಪಾಸ್. 24 ವೋಲ್ಟ್, 20 ಆದರೆ 480, ಫೇಲ್. ಕೊಳ್ಳುವಾಗ ‘ಒಂದೇ ಚಾರ್ಜಿಗೆ ಹೆಚ್ಚು ದೂರ’ ಎಂದು ಮಾರಿದ ಬ್ಯಾಟರಿಯೇ ಚೆಕ್‌ಇನ್‌ನಲ್ಲಿ ಸಿಕ್ಕಿಬೀಳುವುದು. ವ್ಯಾಟ್-ಅವರ್ ಮುದ್ರಿಸಿದ ಸ್ಟಿಕ್ಕರ್ ಬ್ಯಾಟರಿ ಮೇಲೆ ಇರಲಿ, ಬಿಚ್ಚಿದ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ಸ್ವಂತ ಚೇರನ್ನು ವಿಮಾನದ ಬಾಗಿಲಿನವರೆಗೂ ಬಳಸಲು ಕೇಳಿ. ಇಳಿಯುವಾಗ ಬಾಗಿಲಲ್ಲೇ ಕೊಡುವಂತೆ ಟ್ಯಾಗ್ ಹಾಕಿಸಿ. ಕೂರುವ ಮೆತ್ತೆ, ಫುಟ್‌ರೆಸ್ಟ್, ಜಾಯ್‌ಸ್ಟಿಕ್, ಬಿಚ್ಚಲು ಬರುವುದೆಲ್ಲ ಕೈಚೀಲಕ್ಕೆ. ಸ್ಕ್ರೂ ಬಿಗಿಸುವ ಅಲೆನ್ ಕೀ ಮತ್ತು ಚಕ್ರದ ಒಂದು ಟ್ಯೂಬ್ ಲಗೇಜಿನಲ್ಲಿ ಹೋಗಲಿ. ಚಾಂಗಿಯಲ್ಲಿ ಚೇರ್ ಕೈಗೆ ಬಂದ ತಕ್ಷಣ ಚಕ್ರ, ಬ್ರೇಕ್, ಚೌಕಟ್ಟು ನೋಡಿ. ಪೆಟ್ಟಾಗಿದ್ದರೆ ಕಸ್ಟಮ್ಸ್ ದಾಟುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿ ನಕಲು ಪಡೆಯಿರಿ. ಹೊರಗೆ ಬಂದ ಮೇಲೆ ಹೇಳಿದರೆ ಆ ಪೆಟ್ಟು ವಿಮಾನದಲ್ಲೇ ಆಯಿತೆಂದು ಒಪ್ಪಿಸುವುದು ಕಷ್ಟ.