ಹಿಕ್‌ಮನ್ ಲೈನ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಆಪರೇಷನ್‌ನಲ್ಲಿ ಸಣ್ಣ ಕರುಳಿನ ಬಹುಪಾಲು ಹೋದ ಮೇಲೆ ನನ್ನ ಊಟವೆಲ್ಲ ರಕ್ತನಾಳದ ಮೂಲಕವೇ. ರಾತ್ರಿ ಟಿಪಿಎನ್ ಚೀಲ (ನೇರ ರಕ್ತಕ್ಕೇ ಹೋಗುವ ದ್ರವ ಆಹಾರ) ಹಚ್ಚಿಕೊಳ್ಳುತ್ತೇನೆ, ಬೆಳಿಗ್ಗೆ ಬಿಚ್ಚುತ್ತೇನೆ. ಮೊದಲು ತೋಳಿನಲ್ಲಿ ಪಿಕ್ ಲೈನ್ ಇತ್ತು, ಅಂದರೆ ತೋಳಿನ ನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳು ನಳಿಕೆ. ಆಮೇಲೆ ಎದೆಗೆ ಹಿಕ್‌ಮನ್ ಲೈನ್ (ಅಂಥದೇ ನಳಿಕೆ, ಆದರೆ ಎದೆಯ ಮೇಲೆ ಹೊರಬರುವಂಥದ್ದು) ಹಾಕಿದರು, ಈಗಲೂ ಅದೇ ಇದೆ. ದಿನಾ ಮನೆಯಲ್ಲಿ ನೀವೇ ಹಚ್ಚಿಕೊಳ್ಳಬೇಕು ಅಂತಾದರೆ ನನ್ನ ಓಟು ಹಿಕ್‌ಮನ್‌ಗೆ.

ಕಾರಣ ಬಹಳ ಸರಳ. ಎರಡೂ ಕೈ ಸಿಗುತ್ತವೆ! ಪಿಕ್ ಇದ್ದಾಗ ಒಂದು ತೋಳು ಲೈನಿಗೇ ಮೀಸಲು. ಉಳಿದ ಒಂದೇ ಕೈಯಲ್ಲಿ ಮುಚ್ಚಳ ಉಜ್ಜಬೇಕು, ಸಿರಿಂಜ್ ತಿರುಗಿಸಬೇಕು, ಯಾವುದೂ ಎಲ್ಲಿಗೂ ತಾಗದ ಹಾಗೆ ನೋಡಿಕೊಳ್ಳಬೇಕು. ದಿನಾ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಹಿಕ್‌ಮನ್‌ನ ತುದಿ ಎದೆಯ ಮೇಲೆ, ಕಣ್ಣೆದುರೇ ಇರುತ್ತದೆ.

ಮಾಮೂಲಿ ಡ್ರಿಪ್ ಸೂಜಿ ಯಾಕೆ ಸಾಲದು ಅಂತ ಹೊಸಬರು ಕೇಳುತ್ತಾರೆ. ಟಿಪಿಎನ್‌ನಲ್ಲಿ ಸಕ್ಕರೆ, ಅಮೈನೋ ಆಮ್ಲ ಎಲ್ಲ ಗಾಢವಾಗಿರುತ್ತದೆ. ಕೈಯ ಸಣ್ಣ ನಾಳ ಅದನ್ನು ತಡೆಯುವುದಿಲ್ಲ, ಉರಿದು ಊದಿಕೊಳ್ಳುತ್ತದೆ. ಅದಕ್ಕೇ ಲೈನಿನ ಒಳತುದಿ ಹೃದಯದ ಬಾಗಿಲಲ್ಲಿರುವ ದೊಡ್ಡ ನಾಳದವರೆಗೆ ಹೋಗಬೇಕು. ಅಲ್ಲಿ ರಕ್ತ ಎಷ್ಟು ಜೋರಾಗಿ ಹರಿಯುತ್ತದೆ ಅಂದರೆ ದ್ರವ ತಕ್ಷಣ ತೆಳುವಾಗುತ್ತದೆ.

ಹಾಕುವಾಗ ಡಾಕ್ಟರು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಕುತ್ತಿಗೆಯ ನಾಳಕ್ಕೆ ಸೂಜಿ ಹಾಕಿದರು. ಲೈನು ಚರ್ಮದ ಅಡಿಯಲ್ಲಿ ಒಂದಷ್ಟು ದೂರ ಸಾಗಿ ಎದೆಯ ಮೇಲೆ ಹೊರಬರುತ್ತದೆ. ಆ ಸುರಂಗದೊಳಗೆ, ಲೈನಿನ ಸುತ್ತ ಒರಟು ಬಟ್ಟೆಯಂಥ ಒಂದು ಪಟ್ಟಿ ಇದೆ, ಕಫ್ ಅಂತಾರೆ. ಕೆಲವು ವಾರಗಳಲ್ಲಿ ಮಾಂಸ ಅದರೊಳಕ್ಕೆ ಬೆಳೆದು ಹಿಡಿದುಕೊಳ್ಳುತ್ತದೆ. ಆಮೇಲೆ ಲೈನು ಜಾರುವುದು ಕಡಿಮೆ. ಚರ್ಮದ ಮೇಲಿನ ಸೂಕ್ಷ್ಮಾಣು ಲೈನಿನ ಗುಂಟ ಒಳಗೆ ಹೋಗುವುದಕ್ಕೂ ತಡೆ. ಬೆರಳಿಟ್ಟರೆ ಈಗಲೂ ಅಲ್ಲೊಂದು ಗಂಟು ಸಿಗುತ್ತದೆ. ತೊಡೆಸಂದಿಯ ನಾಳದಲ್ಲಿ ಹಾಕುವುದನ್ನು ಆದಷ್ಟು ತಪ್ಪಿಸುತ್ತಾರೆ, ಅಲ್ಲಿ ಸೋಂಕು ಜಾಸ್ತಿ. ಹಾಕುವವರು ಟೋಪಿ, ಮಾಸ್ಕ್, ಗೌನ್, ಗ್ಲೌಸ್ ತೊಟ್ಟು ಮೈಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸಬೇಕು. ಇದರಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ.

ಆದರೆ ವರ್ಷಗಟ್ಟಲೆ ಇಟ್ಟುಕೊಂಡ ಲೈನಿಗೆ ಸೋಂಕು ಬರುವುದು ಹೆಚ್ಚಾಗಿ ಹೊರತುದಿಯಿಂದ. ಹಬ್ ಅಂತಾರಲ್ಲ, ಚೀಲದ ನಳಿಕೆ ಜೋಡಿಸುವ ಜಾಗ. ಅದನ್ನು ಪ್ರತಿಸಲ ಕ್ಲೋರ್‌ಹೆಕ್ಸಿಡಿನ್ ಇರುವ ಆಲ್ಕೋಹಾಲ್ ವೈಪ್‌ನಿಂದ 15 ಸೆಕೆಂಡಾದರೂ ತಿಕ್ಕಬೇಕು. ಸುಮ್ನೆ ಒರೆಸಿದರೆ ಸಾಲದು, ನಿಂಬೆಹಣ್ಣು ಹಿಂಡುವ ಹಾಗೆ ತಿರುಚಿ ತಿಕ್ಕಬೇಕು. ಆಮೇಲೆ ತಾನಾಗಿ ಒಣಗಲಿ. ಊದಬೇಡಿ, ಬಾಯಲ್ಲಿರುವುದೆಲ್ಲ ಅದಕ್ಕೇ ಬೀಳುತ್ತದೆ.

ಒಮ್ಮೆ ಬೇರೆ ತೊಂದರೆಗೆ ಆಸ್ಪತ್ರೆ ಸೇರಿದ್ದೆ. ಟಿಪಿಎನ್‌ಗೆ ಮಾತ್ರ ಅಂತ ಇಟ್ಟ ಲೈನಿನಿಂದ ರಕ್ತ ತೆಗೆದರು, ಔಷಧಿಯನ್ನೂ ಅದರಲ್ಲೇ ಕೊಟ್ಟರು. ಹಬ್ ತಿಕ್ಕಿ ಅಂತ ಹೇಳಿದರೆ "ನಮಗೆ ಗೊತ್ತು ಬಿಡಿ" ಅಂದರು. ಮನೆಗೆ ಬಂದ ಮೇಲೆ ಒಂದು ರಾತ್ರಿ ಚೀಲ ಹಚ್ಚಿ ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟ ಅನ್ನುವಷ್ಟು ನಡುಕ, ಜ್ವರ. ಟಿಪಿಎನ್ ಶುರುವಾದ ಬೆನ್ನಿಗೇ ನಡುಕ ಬಂದರೆ ಲೈನಿನ ಸೋಂಕು ಅಂತಲೇ ಮೊದಲು ಅನುಮಾನಿಸಬೇಕು. ಚೀಲ ನಿಲ್ಲಿಸಿ ಕೂಡಲೇ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ಲೈನಿನಿಂದಲೂ ಕೈಯಿಂದಲೂ ರಕ್ತ ತೆಗೆದು ಕಲ್ಚರ್‌ಗೆ (ಸೂಕ್ಷ್ಮಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಕಳಿಸುತ್ತಾರೆ. ಲೈನಿನ ರಕ್ತದಲ್ಲಿ ಸೂಕ್ಷ್ಮಾಣು ಕೈಯ ರಕ್ತಕ್ಕಿಂತ ಕನಿಷ್ಠ 2 ಗಂಟೆ ಮುಂಚೆ ಬೆಳೆದರೆ ಲೈನೇ ಕಳ್ಳ. ನನ್ನದು ಚರ್ಮದ ಮೇಲೆ ಸಾಮಾನ್ಯವಾಗಿರುವ ಒಂದು ಸ್ಟೆಫೈಲೋಕಾಕಸ್ ಜಾತಿ. ಆಂಟಿಬಯಾಟಿಕ್‌ನಿಂದ ಲೈನು ಉಳಿಯಿತು. ಸ್ಟೆಫೈಲೋಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಫಂಗಸ್ ಆಗಿದ್ದರೆ ಸಾಮಾನ್ಯವಾಗಿ ತೆಗೆದೇ ಬಿಡುತ್ತಾರೆ. ಅಲ್ಲಿಂದಾಚೆ ಬೆಳಿಗ್ಗೆ ಬಿಚ್ಚಿದ ಮೇಲೆ ಲೈನಿನೊಳಗೆ ಟಾರೊಲಿಡಿನ್ ಅನ್ನೋ ಸೂಕ್ಷ್ಮಾಣು ಕೊಲ್ಲುವ ದ್ರವ ತುಂಬಿ ಮುಚ್ಚುತ್ತೇನೆ. ಆ ಜ್ವರ ಮತ್ತೆ ಬಂದಿಲ್ಲ.

ಬೇಜಾರುಗಳೂ ಇವೆ. ಈಜುವ ಹಾಗಿಲ್ಲ. ಸ್ನಾನಕ್ಕೆ ಮುಂಚೆ ಮುಚ್ಚಿಕೊಳ್ಳುವುದೇ ಒಂದು ಕೆಲಸ. ಪಾರದರ್ಶಕ ಡ್ರೆಸಿಂಗನ್ನು 7 ದಿನಕ್ಕೊಮ್ಮೆ ಬದಲಿಸಬೇಕು, ಅಂಚು ಎದ್ದರೆ ಅವತ್ತೇ. ಕ್ಲಿಪ್ಪನ್ನು ಲೈನಿನ ದಪ್ಪ ಭಾಗದಲ್ಲೇ ಹಾಕಬೇಕು, ಬೇರೆ ಕಡೆ ಹಾಕಿದರೆ ಸೀಳುತ್ತದೆ.

ಹಾಕಿಸುವ ಮುಂಚೆ ಎರಡು ಮಾತು ಕೇಳಿ. ಒಂದೇ ಲ್ಯೂಮೆನ್ (ಲೈನಿನೊಳಗಿನ ಕೊಳವೆ, ಒಂದೊಂದಕ್ಕೂ ಹೊರಗೆ ಒಂದೊಂದು ಬಾಯಿ) ಸಾಕಾ? ಬಾಯಿ ಜಾಸ್ತಿ ಇದ್ದಷ್ಟೂ ಸೋಂಕಿಗೆ ದಾರಿ ಜಾಸ್ತಿ, ಅಲ್ವಾ. ಇನ್ನೊಂದು, ಲೈನು ಹೊರಬರುವ ಜಾಗವನ್ನು ನೀವು ಕೂತಿರುವಾಗಲೇ ಪೆನ್ನಿನಲ್ಲಿ ಗುರುತು ಹಾಕಲಿ. ಮಲಗಿಸಿ ಹಾಕಿದರೆ ಒಳಉಡುಪಿನ ಪಟ್ಟಿಯೋ ಕಾರಿನ ಬೆಲ್ಟೋ ಅಲ್ಲೇ ಉಜ್ಜಬಹುದು. ನನಗೆ ನರ್ಸಮ್ಮ ಒಬ್ಬರು ಅಂಗಿ ಹಾಕಿಸಿ, ಬಗ್ಗಿಸಿ, ಎರಡೂ ಕೈ ಅಲ್ಲಿಗೆ ತಲುಪುತ್ತದಾ ಅಂತ ನೋಡಿ ಆಮೇಲೆ ಗುರುತು ಹಾಕಿದ್ದರು.

ಪೋರ್ಟ್ ಬಗ್ಗೆ ಕೇಳಿದವರಿಗೆ: ಅದು ಲೈನಿಗೆ ಜೋಡಿಸಿದ ಸಣ್ಣ ಡಬ್ಬಿ, ಪೂರ್ತಿ ಚರ್ಮದ ಅಡಿಯಲ್ಲಿರುತ್ತದೆ, ಈಜಬಹುದು. ಆದರೆ ಪ್ರತಿಸಲ ಸೂಜಿ ಚುಚ್ಚಬೇಕು. ವಾರಕ್ಕೆ ಒಂದೆರಡು ರಾತ್ರಿ ಮಾತ್ರ ಟಿಪಿಎನ್ ಬೇಕಾದವರು ಡಾಕ್ಟರನ್ನು ವಿಚಾರಿಸಿ ನೋಡಿ.