ದೇವರಾಜ ಮಾರುಕಟ್ಟೆಯ ಬಳಿ ವಿದೇಶಿ ಅತಿಥಿಗಳನ್ನು ಒಂಟಿಯಾಗಿ ಬಿಡುವ ಮುನ್ನ

ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ವಿದೇಶಿ ಪ್ರವಾಸಿಗರನ್ನು ನಯವಾಗಿ ಮಾತಿಗೆಳೆದು, ಆಟೋ ಹತ್ತಿಸಿ, ಯಾವುದೋ ಗಲ್ಲಿಯ ಸುಗಂಧತೈಲದ ಅಂಗಡಿಗೆ ತಲುಪಿಸುವ ದಂಧೆ ವರ್ಷಗಳಿಂದ ನಡೆಯುತ್ತಿದೆ. ಅದನ್ನು ಕೇಳಿ ಬಲ್ಲವನಾಗಿದ್ದೂ, ನಮ್ಮ ಮನೆಗೇ ಬಂದಿದ್ದ ಅತಿಥಿಯೊಬ್ಬರಿಗೆ ಮುಂಚಿತವಾಗಿ ಹೇಳಲು ಮರೆತೆ. ವಿದೇಶದಿಂದ ಬರುವ ಸ್ನೇಹಿತರನ್ನು ಊರು ತೋರಿಸಲು ಕರೆದುಕೊಂಡು ಹೋಗುವವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿರುವ ನನ್ನ ತಂಗಿಯ ಸಹೋದ್ಯೋಗಿಯೊಬ್ಬರು ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಅಷ್ಟಾಂಗ ಯೋಗ ಕಲಿಯಲೆಂದು ಬಂದು, ಮೊದಲ ವಾರ ನಮ್ಮಲ್ಲಿಯೇ ಉಳಿದಿದ್ದರು. ಒಂದು ಬೆಳಿಗ್ಗೆ ಅವರನ್ನು ಮಾರುಕಟ್ಟೆಯ ಪಕ್ಕದ ಚಿಕ್ಕ ಗಡಿಯಾರ ಗೋಪುರದ ಹತ್ತಿರ ಇಳಿಸಿ, ಎರಡು ಗಂಟೆಯೊಳಗೆ ಬರುವೆನೆಂದು ಹೇಳಿ ಬ್ಯಾಂಕಿನ ಕೆಲಸಕ್ಕೆ ಹೋದೆ. ಅವರು ಕುಂಕುಮದ ಬಣ್ಣಬಣ್ಣದ ರಾಶಿಗಳ ಚಿತ್ರ ತೆಗೆಯುತ್ತಿದ್ದಾಗ, ಇಸ್ತ್ರಿ ಮಾಡಿದ ಶರ್ಟು ತೊಟ್ಟ ಯುವಕನೊಬ್ಬ ಬಂದು, ತಾನು ಕಾಲೇಜು ವಿದ್ಯಾರ್ಥಿಯೆಂದು ಪರಿಚಯ ಹೇಳಿಕೊಂಡನಂತೆ. ಹಣದ ಮಾತೇ ಇಲ್ಲದೆ ಬಾಳೆಹಣ್ಣಿನ ಸಾಲಿನಲ್ಲಿ ನಂಜನಗೂಡಿನ ರಸಬಾಳೆ ಯಾವುದೆಂದು ತೋರಿಸಿದ, ಮೈಸೂರು ಮಲ್ಲಿಗೆಯ ಮಾಲೆ ಮೂಸಿಸಿದ. ಅವನು ಹೇಳಿದ್ದರಲ್ಲಿ ಬಹುಪಾಲು ನಿಜವೇ ಆಗಿತ್ತು. ನಂಬಿಕೆ ಹುಟ್ಟಿದ್ದೂ ಅದರಿಂದಲೇ. ಆಮೇಲೆ, ಊರಿನ ಇನ್ನೊಂದು ಬದಿಯಲ್ಲಿ ಕುಶಲಕರ್ಮಿಗಳ ಸಂತೆಯಿದೆ, ಅದು ಇವತ್ತೊಂದೇ ದಿನ, ಐವತ್ತು ರೂಪಾಯಿ ಕೊಟ್ಟರೆ ಆಟೋದವನು ಹೋಗಿ ಬರುವ ದಾರಿ ಎರಡನ್ನೂ ನೋಡಿಕೊಳ್ಳುತ್ತಾನೆ ಎಂದ. ಅಂಥ ಸಂತೆ ಯಾವ ದಿನವೂ ಇಲ್ಲ. ಐವತ್ತು ರೂಪಾಯಿಗೆ ಆಟೋದವನು ಅರ್ಧ ದಿನ ಕಾಯುವುದು ಅಂಗಡಿಯಿಂದ ಬರುವ ಕಮಿಷನ್ನಿಗಾಗಿ ಎಂಬುದು ನಮಗೆ ತಟ್ಟನೆ ಹೊಳೆಯುತ್ತದೆ, ಯುರೋಪಿನಿಂದ ನಿನ್ನೆ ಮೊನ್ನೆ ಬಂದವರಿಗೆ ಹೊಳೆಯುವುದಿಲ್ಲ.

ಆಟೋ ನಿಂತದ್ದು ಒಂದು ಸಣ್ಣ ಮನೆಯ ಮುಂದೆ. ಒಳಗೆ ಹೆಂಗಸೊಬ್ಬರು ಮಣೆಯ ಮೇಲೆ ಊದಿನಕಡ್ಡಿ ಹೊಸೆಯುತ್ತಿದ್ದರು. ನಮ್ಮ ಅತಿಥಿಗೂ ಒಂದು ಕಡ್ಡಿ ಹೊಸೆಯಲು ಕೊಟ್ಟರು, ಚಹಾ ತರಿಸಿದರು. ಫ್ರೆಂಚ್, ಇಟಾಲಿಯನ್, ಜರ್ಮನ್ ಭಾಷೆಗಳಲ್ಲಿ ಹಿಂದಿನ ಪ್ರವಾಸಿಗರು ಹೊಗಳಿ ಬರೆದ ದಪ್ಪ ಪುಸ್ತಕವೊಂದನ್ನು ಕೈಗಿತ್ತರು. ಅಲ್ಲಿಂದಾಚೆಗೆ ಗಾಜಿನ ಸೀಸೆಗಳು ಒಂದೊಂದಾಗಿ ಹೊರಬಂದವು: ತಲೆನೋವಿಗೆ ಮಲ್ಲಿಗೆ, ಧ್ಯಾನಕ್ಕೆ ತಾವರೆ, ಸೊಳ್ಳೆ ಕಚ್ಚಿದ್ದಕ್ಕೆ ಶ್ರೀಗಂಧ. ಶುದ್ಧತೆಗೆ ಸಾಕ್ಷಿಯೆಂದು ಕಾಗದದ ಮೇಲೆ ಒಂದು ಹನಿ ಬಿಟ್ಟು, ಸ್ವಲ್ಪ ಹೊತ್ತಿಗೆ ಕಲೆ ಆರಿಹೋದುದನ್ನು ತೋರಿಸಿದರು. ಹತ್ತು ಮಿಲಿಲೀಟರಿನ ಆರು ಸೀಸೆಗಳಿಗೆ ಹದಿನಾಲ್ಕು ಸಾವಿರ ರೂಪಾಯಿ ತೆತ್ತು ನಮ್ಮ ಅತಿಥಿ ಸಂತೋಷದಿಂದಲೇ ಹಿಂದಿರುಗಿದರು.

ಆ ಕಾಗದದ ಪರೀಕ್ಷೆಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಓದು ಬರಹ ಬಲ್ಲವರೂ ಅದಕ್ಕೇ ಮರುಳಾಗುತ್ತಾರೆ. ಕಲೆ ಆರಿತೆಂದರೆ ಅದರಲ್ಲಿ ಕೊಬ್ಬರಿಎಣ್ಣೆಯಂಥ ಜಿಡ್ಡಿನ ಎಣ್ಣೆ ಇಲ್ಲವೆಂದಷ್ಟೇ ಅರ್ಥ. ಬೇಗ ಆವಿಯಾಗುವ ದ್ರಾವಕದಲ್ಲಿ ಕೃತಕ ಸುಗಂಧ ಬೆರೆಸಿದ್ದರೂ ಅದು ಹಾಗೆಯೇ ಆರುತ್ತದೆ. ನಿಜವಾದ ಗಂಧದೆಣ್ಣೆ ಮಂದವಾಗಿದ್ದು ಬಹಳ ನಿಧಾನವಾಗಿ ಆವಿಯಾಗುವಂಥದ್ದು, ಆದ್ದರಿಂದ ಬೇಗ ಮಾಯವಾಗುವ ಕಲೆ ಅನುಮಾನಕ್ಕೇ ಕಾರಣವಾಗಬೇಕು. ಮಲ್ಲಿಗೆಯ ಶುದ್ಧ ಸಾರವಂತೂ ಕೆಲವೇ ಗ್ರಾಂ ಸಿಗಬೇಕಾದರೂ ಕಿಲೋಗಟ್ಟಲೆ ಹೂ ಬೇಕಾಗುವ ವಸ್ತು. ಅದು ಗಲ್ಲಿಯ ಮನೆಯೊಂದರಲ್ಲಿ ಸಾಲು ಸೀಸೆಗಳಲ್ಲಿ ತುಂಬಿಟ್ಟು ಸಿಗುವುದಿಲ್ಲ. ಅತಿಥಿ ಕೈಗೆ ಹಚ್ಚಿಕೊಂಡಿದ್ದ 'ಶ್ರೀಗಂಧ' ರಾತ್ರಿಯ ಊಟದ ಹೊತ್ತಿಗೆ ಪೂರ್ತಿ ಹಾರಿಹೋಗಿ, ಮೂಗಿಗೆ ಚುಚ್ಚುವಂಥ ಘಾಟು ಮಾತ್ರ ಉಳಿದಿತ್ತು. ನನ್ನ ತಾಯಿ ಮೂಸಿ ನೋಡಿ ಏನೂ ಹೇಳದೆ ದೇವರ ಮನೆಯಿಂದ ಗಂಧದ ಕೊರಡು ತಂದು, ಸಾಣೆಕಲ್ಲಿನ ಮೇಲೆ ತೇದು ಅವರ ಅಂಗೈಗೆ ಹಚ್ಚಿದರು. ಅವರಿಗೆ ಸಂಗತಿ ಅರ್ಥವಾದದ್ದು ಆಗಲೇ.

ಮರುದಿನ ಆ ಅಂಗಡಿಗೆ ನಾನೂ ಅವರ ಜೊತೆಗೆ ಹೋದೆ. ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇರಲಿಲ್ಲ, ಕಾರ್ಡಿನ ಚೀಟಿಯಲ್ಲಿ ಬೇರೆಯೇ ಹೆಸರಿತ್ತು. ಕನ್ನಡದಲ್ಲಿ ಮಾತನಾಡಿದರೆ ವಿಷಯ ಸಲೀಸಾಗಿ ಬಗೆಹರಿಯುತ್ತದೆಂದು ನಾನು ಭಾವಿಸಿದ್ದೆ. ಅಂಗಡಿಯವನು ನನ್ನನ್ನು ಬದಿಗೆ ಕರೆದು, "ಸಾರ್, ನೀವು ನಮ್ಮೋರೇ. ಅವರಿಗೆ ಇದೆಷ್ಟರ ದುಡ್ಡು ಬಿಡಿ" ಎಂದ. ನಾನು ಪಟ್ಟು ಬಿಡದೆ ನಿಂತ ಮೇಲೆ, ಮುಚ್ಚಳ ತೆರೆಯದ ಎರಡು ಸೀಸೆಗಳನ್ನು ಹಿಂದಕ್ಕೆ ಪಡೆದು ಮೂರು ಸಾವಿರ ಕೊಟ್ಟ. ಅವನ ಆ ಮಾತು ನನಗೆ ಹಣಕ್ಕಿಂತ ಹೆಚ್ಚು ನಾಚಿಕೆ ತಂದಿತು, ಏಕೆಂದರೆ ಅವರು ಅದರ ಅರ್ಥ ಕೇಳಿದಾಗ ನಾನು ಸರಿಯಾಗಿ ಅನುವಾದಿಸಲಿಲ್ಲ.

ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸೀಮೆಯ ಶ್ರೀಗಂಧದ ಮರ ಎಣ್ಣೆ ತೆಗೆಯುವುದಕ್ಕಾಗಿ ಜರ್ಮನಿಗೇ ಸಾಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ನಿಂತುಹೋದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತವು ಇಲ್ಲಿಯೇ ಭಟ್ಟಿ ಇಳಿಸುವ ಕಾರ್ಖಾನೆ ಹಾಕಿತು. ಈ ಕಥೆಯನ್ನು ಅತಿಥಿಗೆ ಮೊದಲ ದಿನವೇ ಹೇಳಿ, ಸರ್ಕಾರಿ ಸಾಬೂನು ಸಂಸ್ಥೆಯ ಮಳಿಗೆಗೋ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಮ್ಮಿಗೋ ಕರೆದುಕೊಂಡು ಹೋಗಿದ್ದರೆ ಸಾಕಾಗಿತ್ತು. ಅಲ್ಲಿ ಬೆಲೆ ಅಚ್ಚಾಗಿರುತ್ತದೆ, ಚೌಕಾಶಿಯ ಮಾತಿಲ್ಲ, ರಸೀದಿ ಸಿಗುತ್ತದೆ. ಮೋಸ ಆದ ಮೇಲೆ ಪ್ರವಾಸಿಗರ ಸಹಾಯವಾಣಿ 1363, ಗ್ರಾಹಕರ ಸಹಾಯವಾಣಿ 1915 ಇವೆ. ಆದರೆ ರಸೀದಿ ಮತ್ತು ಅಂಗಡಿಯ ಮುಂಭಾಗದ ಚಿತ್ರ ಇಲ್ಲದಿದ್ದರೆ ದೂರಿಗೆ ಬಲ ಬರುವುದಿಲ್ಲ.

ಮುಂದಿನ ವಾರ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಹೆಂಗಸನ್ನು ವಿಚಾರಿಸಿದೆ. ಯುವಕ ನಮ್ಮ ಅತಿಥಿಯನ್ನು ಮಾತಿಗೆಳೆದದ್ದು ಆಕೆಯ ಗದ್ದುಗೆಯ ಎದುರಿಗೇ. "ದಿನಾ ನೋಡ್ತೀವಿ ಅಣ್ಣಾ" ಎಂದಳು, ದಾರದಿಂದ ಕಣ್ಣು ತೆಗೆಯದೆ. "ಹೇಳಿಬಿಟ್ಟರೆ ನಾಳೆ ನಾನು ಇಲ್ಲೇ ಕೂರಬೇಕಲ್ಲ."